ತೋಪು ನಿಂತ ಜಾಗ

2023ರ ಜೂನ್ ತಿಂಗಳಿನಲ್ಲಿ ಕೊಲ್ಹಾಪುರದಿಂದ ಆಪಾ ಫೋನು ಮಾಡಿದಳು. ದನಿ ನಡುಗುತ್ತಿತ್ತು. ಮೊಬೈಲಿನ ಸ್ಟೇಟಸ್‌ಗೆ ಯಾರೋ ಹಾಕಿದ ಚಿತ್ರಗಳ ನೆಪದಲ್ಲಿ ಆ ಊರಲ್ಲಿ ಕಲ್ಲು ತೂರಾಟ ನಡೆದಿತ್ತು, ಅಂಗಡಿಗಳು ಒಡೆದಿದ್ದವು. “ನನ್ನ ಮಗನೂ ಒಂದು ಟಿಪ್ಪುವಿನ ಚಿತ್ರ ಹಾಕಿಕೊಂಡಾನ. ತೆಗಿ ಅಂದ್ರ ಕೇಳವಲ್ಲ. ನೀನಾದ್ರೂ ಹೇಳು” ಎಂದಳು.

ಭಾಂಜಾ ಚಿತ್ರ ಕಳಿಸಿದ. ನೋಡಿ ನನಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಕೋಟೆಯ ಬಾಗಿಲಲ್ಲಿ ಕೆಂಪು ಕೋಟಿನ ಸಿಪಾಯಿಗಳು ಮುತ್ತಿದ್ದಾರೆ, ನಡುವೆ ಸುಲ್ತಾನ ಕತ್ತಿ ಹಿಡಿದು ಕೊನೆಯ ಹೋರಾಟದಲ್ಲಿದ್ದಾನೆ. ಅದು ಲಂಡನ್ನಿನ ಹೆನ್ರಿ ಸಿಂಗಲ್‌ಟನ್ ಎಂಬಾತ 1800ರ ಸುಮಾರಿಗೆ ಬರೆದದ್ದು. ಆತ ಹಿಂದುಸ್ತಾನಕ್ಕೆ ಬಂದವನೇ ಅಲ್ಲ. ಟಿಪ್ಪು ಸತ್ತನೆಂದು ಇಂಗ್ಲೆಂಡಿನಲ್ಲಿ ಸಂತೋಷಪಟ್ಟ ಕಾಲದಲ್ಲಿ, ಆ ಸಂತೋಷಕ್ಕಾಗಿಯೇ ಹುಟ್ಟಿದ ಚಿತ್ರ. ನಮ್ಮ ಹುಡುಗ ಅದನ್ನು ಅಭಿಮಾನದಿಂದ ಎದೆಗೊತ್ತಿಕೊಂಡಿದ್ದ. ಬೇರೆ ಹುಡುಗರು ಅಂಥದ್ದೇ ಚಿತ್ರಕ್ಕೆ ಕಲ್ಲು ಹಿಡಿದಿದ್ದರು. ಬರೆದವನು ಯಾರು, ಎಲ್ಲಿ ನಿಂತು ಬರೆದ ಎಂದು ಎರಡೂ ಕಡೆಯವರು ಕೇಳಿರಲಿಲ್ಲ.

ನಾನಾದರೂ ಆ ವಯಸ್ಸಿನಲ್ಲಿ ಕೇಳಿದ್ದೆನೆ? ನಾಲ್ಕನೇ ಇಯತ್ತೆಯಲ್ಲಿದ್ದಾಗ ನಮ್ಮ ಉರ್ದು ಶಾಲೆಯ ಗೋಡೆಗೆ ಒಂದು ಹೊಸ ನಕಾಶೆ ಬಂತು. ಬೆಳಗಾವಿ ಸಿಕ್ಕಿತು, ಅಥಣಿ ಸಿಕ್ಕಿತು. ಎಷ್ಟು ಹುಡುಕಿದರೂ ಕೊಕಟನೂರ ಸಿಗಲಿಲ್ಲ. ಯಲ್ಲಮ್ಮನ ಜಾತ್ರೆಗೆ ಅಷ್ಟು ಮಂದಿ ಸೇರುವ ನಮ್ಮೂರು ಇಲ್ಲವೆಂದರೆ! ಉಸ್ತಾದರು ಚಷ್ಮಾ ಒರೆಸುತ್ತ, “ಬೇಟಾ, ನಕಾಶೆ ಬರೆದವನಿಗೆ ನಮ್ಮೂರಲ್ಲಿ ಏನೂ ಕೆಲಸ ಇರಲಿಲ್ಲ” ಎಂದರು. ಆ ಮಾತಿನ ತೂಕ ಗೊತ್ತಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಹದಿನೆಂಟನೆಯ ಶತಮಾನದ ನಕಾಶೆಗಾರನಿಗೆ ಯಾವ ಊರಲ್ಲಿ ಕೆಲಸವಿರುತ್ತಿತ್ತು? ದಂಡು ಇಳಿಯುವ ಊರಲ್ಲಿ. ಇಂಗ್ಲಿಷರ ಸೈನ್ಯದ ಜೊತೆಗೆ ದಾರಿ ಅಳೆಯುವ ಚಕ್ರವೂ ಉರುಳುತ್ತಿತ್ತು. ನೀರೆಲ್ಲಿದೆ, ಮೇವೆಲ್ಲಿದೆ, ತೋಪು ಎಳೆಯುವ ಎತ್ತುಗಳು ಯಾವ ಹಳ್ಳ ದಾಟಬಲ್ಲವು ಎಂಬುದೇ ಆ ಕಾಗದದ ಜೀವ. ಅದರಲ್ಲಿ ಬಾವಿ ಇರುತ್ತದೆ, ಬಾವಿ ತೋಡಿದವನು ಇರುವುದಿಲ್ಲ.

ನಮ್ಮ ಭಾಗಕ್ಕೆ ಈ ಚಕ್ರ ಬಂದದ್ದು ಮೂರನೆಯ ಮೈಸೂರು ಯುದ್ಧದಲ್ಲಿ. ಪಕ್ಕದ ತಾಸಗಾಂವದ ಪರಶುರಾಮಭಾವು ಪಟವರ್ಧನನ ಮರಾಠಾ ದಂಡು ಮತ್ತು ಮುಂಬಯಿಯಿಂದ ಬಂದ ಕ್ಯಾಪ್ಟನ್ ಲಿಟಲ್‌ನ ಪಡೆ ಸೇರಿ 1790ರ ಸೆಪ್ಟೆಂಬರಿನಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದವು. ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಕೋಟೆ ಕೈಬಿಟ್ಟದ್ದು 1791ರ ಏಪ್ರಿಲ್ ಹೊತ್ತಿಗೆ. ಆ ಮುತ್ತಿಗೆಯಲ್ಲಿ ಲಗ್ಗೆ ಹತ್ತಿದ ಎಡ್ವರ್ಡ್ ಮೂರ್ ಎಂಬ ಇಪ್ಪತ್ತರ ಹುಡುಗ ಮುಂದೆ ಅದೇ ದಂಡಯಾತ್ರೆಯಲ್ಲಿ ಗಾಯಗೊಂಡು, 1794ರಲ್ಲಿ ಲಂಡನ್ನಿನಲ್ಲಿ ಅದರ ಕಥನ ಅಚ್ಚು ಮಾಡಿಸಿದ. ಅದೇ ವರ್ಷ, ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗೇ ತಿರುಗಿದ ಚಿತ್ರಗಾರ ರಾಬರ್ಟ್ ಹೋಮ್‌ನ ಮೈಸೂರು ಸೀಮೆಯ ದೃಶ್ಯಗಳೂ ಹೊರಬಂದವು. ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಒತ್ತಿದ ಚಿತ್ರಗಳು. ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣ ಎಲ್ಲವೂ ಎಷ್ಟು ಚೆಂದ! ಆದರೆ ಇಂಥ ಚಿತ್ರದ ಮುಂದೆ ನಿಂತಾಗ ಒಂದು ವಿಚಾರ ಮಾಡಿರಿ: ಕೋಟೆ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಯಾವುದು? ಬಹಳ ಸಲ, ತೋಪು ನಿಲ್ಲಿಸಲು ಯೋಗ್ಯವಾದ ಜಾಗವೇ ಚಿತ್ರ ಬರೆಯಲೂ ಯೋಗ್ಯವಾದ ಜಾಗ.

ಇದು ನಮ್ಮೊಬ್ಬರ ಪಾಲಿನ ಕತೆಯಲ್ಲ. 1759ರಲ್ಲಿ ಇಂಗ್ಲಿಷರು ಫ್ರೆಂಚರಿಂದ ಉತ್ತರ ಅಮೆರಿಕದ ಕ್ವಿಬೆಕ್ ಪಟ್ಟಣ ಗೆದ್ದಾಗ ಸೇನಾಪತಿ ವುಲ್ಫ್‌ನ ಆಪ್ತ ಅಧಿಕಾರಿ ಹರ್ವೆ ಸ್ಮಿತ್ ಅಲ್ಲಿಯ ದೃಶ್ಯಗಳನ್ನು ಬರೆದ. ವುಲ್ಫ್‌ನ ಸಾವಿನ ಚಿತ್ರ 1776ರಲ್ಲಿ ಅಚ್ಚಾಗಿ ಮನೆಮನೆಯ ಗೋಡೆ ಏರಿತು. ಲಂಡನ್ನಿನ ವಿಲಿಯಂ ಫೇಡನ್ 1777ರಲ್ಲಿ ಉತ್ತರ ಅಮೆರಿಕದ ನಕಾಶೆಗಳ ಸಂಪುಟ ಮಾರಿದ. 1790ರ ದಶಕದಲ್ಲಿ ದಕ್ಷಿಣ ಹಿಂದುಸ್ತಾನದ ನಕಾಶೆ ಮಾರಿದ. ಯುದ್ಧ ನಡೆದ ಸೀಮೆ ಬೇರೆ, ಅಂಗಡಿ ಒಂದೇ. ಸೇನಾಪತಿಯೂ ಒಬ್ಬನೇ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಮತ್ತು ಇಬ್ಬರು ಎಳೆಯ ಮಕ್ಕಳನ್ನು ಕೇಳಿ ಪಡೆದ. ಚಿತ್ರಗಾರರಿಗೆ ಆ ಮಕ್ಕಳೇ ಬೇಕಾದರು. ಅಚ್ಚಿನಲ್ಲಿ ‘ಒತ್ತೆಯಾಳು’ ಮಾಯವಾಗಿ, ಮಕ್ಕಳ ಕೈಹಿಡಿದ ದಯಾಳು ತಂದೆಯೊಬ್ಬ ಕಾಣತೊಡಗಿದ.

ಹಾಗಾದರೆ ಗೆದ್ದವರ ಚಿತ್ರವೆಲ್ಲ ಸುಳ್ಳೇ? ಅಲ್ಲ. ಅದೇ ಕ್ವಿಬೆಕ್‌ನಲ್ಲಿ ರಿಚರ್ಡ್ ಶಾರ್ಟ್ ಎಂಬ ಹಡಗಿನ ಉಗ್ರಾಣದ ಅಧಿಕಾರಿ ತಮ್ಮದೇ ತೋಪುಗಳು ಕೆಡವಿದ ಇಗರ್ಜಿ, ಮನೆಗಳನ್ನು ಬರೆದಿಟ್ಟ. ಛಾವಣಿ ಹಾರಿದ ಗೋಡೆಗಳು ಇಂದಿಗೂ ಸಾಕ್ಷಿ ಹೇಳುತ್ತವೆ. ನಮ್ಮಲ್ಲೂ, ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕಾಲಿನ್ ಮೆಕೆಂಜಿ ಮುಂದೆ ಮೈಸೂರಿನ ಸರ್ವೆಗೆ ನಿಂತಾಗ, ಕಾವಲಿ ವೆಂಕಟ ಬೋರಯ್ಯನಂಥವರ ನೆರವಿನಿಂದ ಊರೂರಿನ ಕೈಫಿಯತ್ತು ಬರೆಸಿದ. ಅಳೆಯಲು ಬಂದವನು ಕೇಳಲೂ ಕಲಿತಿದ್ದ.

ಇನ್ನು ನಮ್ಮ ಚಿತ್ರ. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರ ಯುದ್ಧವಿದೆ. ಸಾಲುಸಾಲು ಕುದುರೆಗಳು, ಹೊತ್ತಿ ಸಿಡಿಯುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಬೆರಳು ಕಚ್ಚುವ ಕರ್ನಲ್ ಬೇಲಿ. ಮೊದಲ ಸಲ ನೋಡಿದಾಗ ಎದೆ ಉಬ್ಬಿತ್ತು. ಎರಡನೆಯ ಸಲ ಹೋದಾಗ ಉಸ್ತಾದರ ಮಾತು ನೆನಪಾಯಿತು. ಇದೂ ಗೆದ್ದವರ ಚಿತ್ರವೇ. ಇಲ್ಲಿಯೂ ಹೊಲ ಬಿಟ್ಟು ಓಡಿದವನಿಲ್ಲ.

ಅದನ್ನು ನನ್ನ ಮುಖಕ್ಕೇ ಹೇಳಿದವರು ನೆರೆಮನೆಯ ಒಕ್ಕಲಿಗ ಕಾಕಾ. ಧಾರವಾಡದ ಮುತ್ತಿಗೆಯ ಮೇಲೆ ನಾನೊಂದು ಕತೆ ಬರೆದಿದ್ದೆ. ಬದ್ರುಜ್ಜಮಾನ್ ಖಾನನೇ ನಾಯಕ. ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದೆ. ಕಾಕಾ ಎಲೆ ಅಡಿಕೆ ಉಗುಳಿ ಬಂದು ಕೇಳಿದರು: “ಕ್ವಾಟಿ ಒಳಗಿನವ್ರನ್ನ ಬರದಿ, ಹೊರಗಿನವ್ರನ್ನ ಬರದಿ. ನಡಕ ಬಿಳಿಜ್ವಾಳದ ಹೊಲ ಇದ್ದವಲ್ಲೋ ಮಾಸ್ತರ, ಅವು ಯಾರವು?”

ನಾನು ತಿಂಗಳು ಎಣಿಸಿದೆ. ಸೆಪ್ಟೆಂಬರದಿಂದ ಏಪ್ರಿಲ್. ಎರಿಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವಾಗ ದಂಡು ಇಳಿದಿದೆ. ತೆನೆ ಮುರಿದು ರಾಶಿ ಮಾಡುವ ಕಾಲ ಮುಗಿದ ಮೇಲೆ ಕೋಟೆ ಬಿದ್ದಿದೆ. ಒಂದು ಇಡೀ ಸುಗ್ಗಿ ಎರಡು ದಂಡುಗಳ ಕುದುರೆಗಳ ನಡುವೆ ಸಿಕ್ಕಿದೆ. ಇದು ನನಗೆ ಯಾವ ನಕಾಶೆಯಲ್ಲೂ ಕಂಡಿರಲಿಲ್ಲ. ನನ್ನ ಕತೆಯಲ್ಲೂ ಇರಲಿಲ್ಲ. ನಾನೂ ತೋಪು ನಿಂತ ಜಾಗದಲ್ಲೇ ನಿಂತು ಬರೆದಿದ್ದೆ; ಆದರೆ ಅದು ಕೋಟೆಯ ಮೇಲಿನ ತೋಪು, ಅಷ್ಟೆ.

ಭಾಂಜಾನಿಗೆ ಅಂದು ರಾತ್ರಿ ಇದನ್ನೆಲ್ಲ ಹೇಳಿದೆ. ತೆಗೆ ಎಂದು ಮಾತ್ರ ಹೇಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಮಾಮೂ, ಹಂಗಾರ ಇದು ಅವರ ಚಿತ್ರ ಏನು?” ಎಂದ. ಬೆಳಗಾಗುವಷ್ಟರಲ್ಲಿ ಚಿತ್ರ ಇರಲಿಲ್ಲ. ಅವನು ತೆಗೆದದ್ದು ಅಂಜಿಕೆಗೋ ತಿಳಿವಳಿಕೆಗೋ ನಾನು ಕೇಳಲಿಲ್ಲ. ಅಂಜಿಕೆಗಲ್ಲದಿರಲಿ ಎಂದು ದುವಾ ಮಾಡಿದೆ. ಆಮೇಲೆ ಹಳೆಯ ಕತೆಯನ್ನು ಹೊರತೆಗೆದು ಜೋಳದ ಹೊಲದಿಂದ ಮತ್ತೆ ಶುರುಮಾಡಿದೆ.