ಗಾಲಿಯ ಮೇಲಿನ ನೆಲೆವೀಡು

ಕನ್ನಡ ಎಂ.ಎ. ಪದವಿ ಪಡೆದವನಿಗೆ ಜೀವನದಲ್ಲಿ ಒದಗಬಹುದಾದ ಕೆಲಸಗಳ ಪಟ್ಟಿಯಲ್ಲಿ ಬೆಂಜ್ ವ್ಯಾನಿನ ನೆತ್ತಿಗೆ ಹದಿನಾಲ್ಕಂಗುಲ ಚೌಕದ ತೂತು ಕೊರೆಯುವುದೂ ಒಂದೆಂದು ನನಗೆ ಯಾವ ಗುರುಗಳೂ ಹೇಳಿರಲಿಲ್ಲ. ಹನ್ನೆರಡು ವರ್ಷಗಳಿಂದ ಹಳಗನ್ನಡ ವ್ಯಾಕರಣವನ್ನು ಬೋಧಿಸುತ್ತ ಬಂದಿರುವ ಈ ಕೈಗಳು ಸೀಮೆಸುಣ್ಣಕ್ಕಿಂತ ಭಾರವಾದ ಆಯುಧವನ್ನು ಹಿಡಿದದ್ದು ಅಪರೂಪ. ಆದರೂ 2024ರ ಬೇಸಗೆಯಲ್ಲಿ, ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರದಲ್ಲಿ, ನನ್ನ ತಮ್ಮನ ಮನೆಯ ಮುಂದೆ ಏಣಿಯ ಮೇಲೆ ನಿಂತು, ವಿದ್ಯುತ್ ಗರಗಸವನ್ನು ಹಿಡಿದು ನಾನು ಆ ಕೆಲಸವನ್ನು ಮಾಡಿದೆನೆಂದರೆ ನನ್ನ ವಿದ್ಯಾರ್ಥಿಗಳು ನಂಬಲಾರರು. ವಾಚಕರಾದರೂ ನಂಬಬೇಕೆಂದು ಕೋರುತ್ತೇನೆ.

ತಮ್ಮನು ಕೊಂಡಿದ್ದುದು ಹಳೆಯ ಸರಕು ಸಾಗಣೆಯ ವ್ಯಾನು, ಸ್ಪ್ರಿಂಟರ್ ಎಂಬ ಹೆಸರಿನದು. ಹಿಂದೆ ಯಾರೋ ವಿದ್ಯುತ್ ಗುತ್ತಿಗೆದಾರರು ಅದರಲ್ಲಿ ತಂತಿಯ ಸುರುಳಿಗಳನ್ನೂ ಏಣಿಗಳನ್ನೂ ಹೇರಿಕೊಂಡು ಮಂಜಿನ ಬೆಟ್ಟಗಳಲ್ಲಿ ಓಡಾಡಿದ್ದರಂತೆ. ಆದಕಾರಣ ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹರಿಯುವ ಬಗೆಯದು. ಒಳಗೆ ಬರಿಯ ತಗಡಿನ ಗೋಡೆ, ತಗಡಿನ ಸೂರು. ಉದ್ದ ಸುಮಾರು ಹನ್ನೊಂದು ಅಡಿ, ಅಗಲ ಆರಡಿಗೆ ತುಸು ಕಡಮೆ. ಆರಡಿಯ ಮನುಷ್ಯ ನೆಟ್ಟಗೆ ನಿಲ್ಲಬಹುದು. ಈ ಪೆಟ್ಟಿಗೆಯೊಳಗೆ ಮಂಚ, ಅಡುಗೆಮನೆ, ನೀರಿನ ತೊಟ್ಟಿ, ವಿದ್ಯುದ್ದೀಪ ಇಷ್ಟನ್ನೂ ಕೂಡಿಸಿ, ಡಾಂಬರಿಲ್ಲದ ಕಾಡುದಾರಿಗಳಲ್ಲಿ ನುಗ್ಗಿಸಿ, ಮನುಷ್ಯರಿಲ್ಲದ ಕಡೆ ರಾತ್ರಿ ಕಳೆಯಬೇಕೆಂಬುದು ಅವನ ಹಂಬಲ.

ಈ ಹುಚ್ಚು ಅವನೊಬ್ಬನದಲ್ಲ. 1951ರಲ್ಲೇ ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯವರು ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಕೂರಿಸಿ ಮತ್ತೆ ತೆಗೆಯಬಹುದಾದ ಒಂದು ಬಿಡಾರದ ಪೆಟ್ಟಿಗೆಯನ್ನು ಮಾಡಿದರು. ವಾರವೆಲ್ಲ ವ್ಯಾನು ದುಡಿಯಬೇಕು, ಭಾನುವಾರ ಅದೇ ಮನೆಯಾಗಬೇಕು; ಮಧ್ಯಮ ವರ್ಗದವರ ಬುದ್ಧಿ ಎಲ್ಲ ದೇಶದಲ್ಲೂ ಒಂದೇ! ಈಗಂತೂ ಅಮೆರಿಕದಲ್ಲಿ ಇದೊಂದು ಫ್ಯಾಷನ್ನೇ ಆಗಿದೆ. ದಪ್ಪ ಟೈರು, ನೆತ್ತಿಯ ಮೇಲೆ ಗುದ್ದಲಿ, ಮರಳಲ್ಲಿ ಹೂತ ಗಾಲಿಗೆ ಕೊಡುವ ಹಲಗೆ ಎಲ್ಲವನ್ನೂ ಹೊತ್ತು, ತರಕಾರಿ ಅಂಗಡಿಯ ಮುಂದಿನ ನುಣುಪು ನೆಲವನ್ನು ಬಿಟ್ಟು ಬೇರೇನನ್ನೂ ತುಳಿಯದ ವ್ಯಾನುಗಳನ್ನು ನಾನು ಕಣ್ಣಾರೆ ಕಂಡೆ. (ಊರಿನಿಂದ ನನ್ನಾಕೆ ಫೋನಿನಲ್ಲಿ, ನಮ್ಮ ಹಳೆಯ ಓಮ್ನಿಗೂ ಹೀಗೇ ಮಾಡಬಾರದೇಕೆಂದು ಕೇಳಿದಳು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ವಾಹನದ ರೂಪವನ್ನು ಮನಬಂದಂತೆ ಬದಲಿಸಗೊಡದೆಂದು ತಿಳಿಸಿ ಪಾರಾದೆ.)

ನಾನು ಅಲ್ಲಿಗೆ ಹೋದದ್ದು ವ್ಯಾನಿನ ಸಲುವಾಗಿ ಅಲ್ಲ. ಅದನ್ನು ಹೇಳದೆ ಮುಂದುವರಿಯುವುದು ಸರಿಯಾಗಲಾರದು.

ನಮ್ಮ ತಂದೆಯವರು 2021ರ ಮೇ ತಿಂಗಳ ನಡುವೆ, ಕೊರೊನಾದ ಎರಡನೆಯ ಅಲೆಯಲ್ಲಿ ತೀರಿಕೊಂಡರು. ಅದೇ ತಿಂಗಳ 4ರಿಂದ ಅಮೆರಿಕ ಸರಕಾರವು ಭಾರತದಿಂದ ಬರುವ ತಾತ್ಕಾಲಿಕ ವೀಸಾದವರಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿತ್ತು. ಅದು ತೆರೆದದ್ದು ನವೆಂಬರಿನಲ್ಲಿ. ತಮ್ಮ ಊರಿಗೆ ಬರಬಹುದಿತ್ತು, ಮರಳಿ ಹೋಗುವುದು ಯಾವಾಗ ಎಂಬುದು ಗೊತ್ತಿರಲಿಲ್ಲ. ಅವನ ಹೆಂಡತಿಗೆ ಆಗ ಆರು ತಿಂಗಳು. ಆ ಊರಿನಲ್ಲಿ ಅವಳಿಗೆ ಬೇರೆ ದಿಕ್ಕಿಲ್ಲ. ಅವನು ಬರಲಿಲ್ಲ. ಮುಖ ಮುಚ್ಚಿಕೊಂಡ ನಾಲ್ವರೊಡನೆ ನಾನೊಬ್ಬನೇ ಎಲ್ಲವನ್ನೂ ಮುಗಿಸಿದೆ. ಆ ರಾತ್ರಿ ಅವನು ಫೋನು ಮಾಡಿ, "ಅಣ್ಣಾ, ಹೇಗಾದರೂ ಮಾಡಿ ಹೊರಟುಬಿಡಲೇ?" ಎಂದು ಕೇಳಿದಾಗ, "ನೀನು ಬರುವುದೇನೂ ಬೇಡ. ನೀನಿಲ್ಲದೆ ಇಲ್ಲಿ ಯಾವ ಕೆಲಸವೂ ನಿಂತಿಲ್ಲ" ಎಂದುಬಿಟ್ಟೆ. ಮಾತನ್ನೇ ಕಸುಬಾಗಿ ಮಾಡಿಕೊಂಡವನ ಬಾಯಿಂದ ಬಂದ ಮಾತು ಅದು. ಮೂರು ವರ್ಷ ನಾವಿಬ್ಬರೂ ಫೋನಿನಲ್ಲಿ ಅಮ್ಮನ ಔಷಧಿ, ಮನೆಯ ಕಂದಾಯ, ಮಗುವಿನ ಹಲ್ಲು ಇವನ್ನೇ ಮಾತನಾಡಿದೆವು.

ನಾನು ಹೊರಡುವ ದಿನ ಅಮ್ಮ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಸಾರಿನಪುಡಿಗಳ ಕೆಳಗೆ ಒಂದು ಕರಿಯ ಕಂಬಳಿಯನ್ನು ಮಡಿಸಿಟ್ಟಳು. ನಮ್ಮದು ಚಳ್ಳಕೆರೆ ತಾಲ್ಲೂಕು. ಅಲ್ಲಿನ ಕಂಬಳಿಯ ಹೆಸರನ್ನು ವಾಚಕರು ಕೇಳಿರಬಹುದು. "ನಿಮ್ಮಪ್ಪ ಹೊದೆಯುತ್ತಿದ್ದದ್ದು. ಅವನಿಗೆ ಕೊಡು" ಎಂದಳು. ಕೊಟ್ಟರೆ ಆ ಮಾತು ಎತ್ತಬೇಕಾಗುತ್ತದೆಂದು ಹೆದರಿ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲೇ ಇಲ್ಲ.

ಅದಕ್ಕಿಂತ ಗರಗಸ ಹಿಡಿಯುವುದೇ ಸುಲಭವಾಗಿ ತೋರಿತು. ಸಂಜೆಗಳಲ್ಲೂ ವಾರದ ಕೊನೆಗಳಲ್ಲೂ ದುಡಿದೆವು. ನೆತ್ತಿಯ ತೂತು ಗಾಳಿಯ ಪಂಖಕ್ಕಾಗಿ. ನಾಲ್ಕು ಮೂಲೆಗಳಲ್ಲಿ ರಂಧ್ರ ಕೊರೆದು, ಗೆರೆಯುದ್ದಕ್ಕೂ ಗರಗಸ ಓಡಿಸಬೇಕು. ಒಳಗೆ ತಮ್ಮ ರಟ್ಟಿನ ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಉದುರುವ ಲೋಹದ ಹುಡಿಯನ್ನು ಹಿಡಿಯಬೇಕು. ಆ ಹುಡಿಯ ಒಂದು ಕಣ ಉಳಿದರೂ ಅದೇ ತುಕ್ಕಿಗೆ ಬೀಜ. ಕೊಯ್ದ ಅಂಚಿಗೆ ತುಕ್ಕು ತಡೆಯುವ ಬಣ್ಣ ಬಳಿದು, ಅಂಟುಪಟ್ಟಿ ಒತ್ತಿ, ಪಂಖವನ್ನು ಕೂರಿಸಿ ಸುತ್ತಲೂ ಮೇಣದಂಥ ಅಂಟನ್ನು ಮೆತ್ತಿದೆವು. ಆ ದಿನ ಸಂಜೆ ಕೊಳಾಯಿಯಿಂದ ನೀರು ಹೊಯ್ದು, ಒಂದು ಹನಿಯೂ ಸೋರಲಿಲ್ಲವೆಂದಾಗ ನಾವಿಬ್ಬರೂ ನಕ್ಕೆವು. ಮೂರು ವರ್ಷಗಳಲ್ಲಿ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮುಂದಿನದು ಗೋಡೆಗಳಿಗೆ ಶಾಖರಕ್ಷೆ. ಇದರಲ್ಲಿ ನಾನು ಕಲಿತ ಸಂಗತಿ ಸ್ವಾರಸ್ಯವಾದದ್ದು. ತಗಡಿನ ಮನೆಯ ನಿಜವಾದ ಶತ್ರು ಚಳಿಯಲ್ಲ, ನಮ್ಮ ಉಸಿರು. ರಾತ್ರಿಯೆಲ್ಲ ಬಿಡುವ ಉಸಿರಿನ ನೀರಾವಿ ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟುತ್ತದೆ. ಹಲಗೆಯ ಹಿಂದೆ ಯಾರಿಗೂ ಕಾಣದಂತೆ ತುಕ್ಕು ಹಿಡಿಯುತ್ತದೆ. ತಮ್ಮ ಆರಿಸಿದ್ದುದು ಕುರಿಯ ಉಣ್ಣೆಯನ್ನು. ಅದು ನೀರಾವಿಯನ್ನು ಹೀರಿಕೊಂಡು, ಗಾಳಿಯಾಡಿದಾಗ ಮತ್ತೆ ಬಿಟ್ಟುಕೊಡುತ್ತದೆ. ಮೂಟೆ ಬಿಚ್ಚುತ್ತಲೇ ಬಂದ ವಾಸನೆಯನ್ನು ಇಬ್ಬರೂ ಗುರುತಿಸಿದೆವು, ಇಬ್ಬರೂ ಸುಮ್ಮನಿದ್ದೆವು.

ಕಾಡುದಾರಿಯ ಗಾಡಿಗೆ ಬೇರೆಯೇ ಧರ್ಮವಿದೆ. ಮನೆಯ ಬೀರುವಿನಂತೆ ಮೊಳೆ ಹೊಡೆದರೆ ಹತ್ತು ಮೈಲಿಯಲ್ಲಿ ಎಲ್ಲವೂ ಸಡಿಲ. ವ್ಯಾನಿನ ಉಕ್ಕಿನ ಪಕ್ಕೆಲುಬುಗಳಿಗೇ ಬೋಲ್ಟು ಬಿಗಿಯಬೇಕು. ಪ್ರತಿಯೊಂದು ಬಾಗಿಲಿಗೂ ಕುಲುಕಾಟಕ್ಕೆ ತೆರೆಯದ ಚಿಲಕ ಬೇಕು. ಭಾರವಾದದ್ದೆಲ್ಲ ನೆಲಕ್ಕೆ ಹತ್ತಿರ, ಎರಡು ಅಚ್ಚುಗಳ ನಡುವೆ ಇರಬೇಕು. ವಿದ್ಯುತ್ತಿಗೆ ಹನ್ನೆರಡು ವೋಲ್ಟಿನ, ಇನ್ನೂರು ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ. ಗುಣಿಸಿದರೆ 2,400 ವ್ಯಾಟ್-ಗಂಟೆ. ಹದಿನೈದು ನೂರು ವ್ಯಾಟಿನ ಒಲೆಯನ್ನು ಹಚ್ಚಿದರೆ ಒಂದೂವರೆ ಗಂಟೆಯ ಕಥೆ. "ಎಷ್ಟು ದೋಸೆಯಾಗುತ್ತದೆ, ಭಾವ?" ಎಂದು ತಮ್ಮನ ಹೆಂಡತಿ ಕೇಳಿದ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ನನಗೆ ಒಪ್ಪಿಸಿದ್ದ ಇನ್ನೊಂದು ಕೆಲಸ ಅತ್ಯಲ್ಪವಾದದ್ದು. ವ್ಯಾನಿನೊಳಗೆ ಬೆಚ್ಚಗಿರಲು ಡೀಸೆಲ್ಲಿನಿಂದ ಉರಿಯುವ ಸಣ್ಣ ಶಾಖಯಂತ್ರವೊಂದಿದೆ. ಅದರ ಒಂದು ತಂತಿಯನ್ನು ವ್ಯಾನಿನ ಮೈಲೋಹಕ್ಕೇ ಬಿಗಿಯಬೇಕು. ಬಿಗಿಯುವ ಮುನ್ನ ಆ ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಕೆರೆಯಬೇಕು. ಆ ಹೊತ್ತಿಗೆ ನಾನು ತಮ್ಮನಿಗೆ 'ಬೀಡು' ಎಂಬ ಶಬ್ದವನ್ನು ಕುರಿತು ಉಪನ್ಯಾಸ ಮಾಡುತ್ತಿದ್ದೆ. ಪಯಣದ ನಡುವೆ ತಂಗುವುದೂ ಬೀಡೇ. ಶಾಸನಗಳಲ್ಲಿ ಅರಸರ ರಾಜಧಾನಿಯೂ ನೆಲೆವೀಡೇ. ನೆಲೆ ಎಂಬ ಪದ ಮುಂದೆ ಬಂದಾಗ ಬಕಾರವು ವಕಾರವಾಗುತ್ತದೆ, ಇದು ಆದೇಶಸಂಧಿ ಎಂದು ವಿವರಿಸುತ್ತ ತಂತಿಯನ್ನು ಬಿಗಿದುಬಿಟ್ಟೆ.

ಮೇ ತಿಂಗಳ ಕೊನೆಯ ಸೋಮವಾರ ಆ ದೇಶದಲ್ಲಿ ಯುದ್ಧದಲ್ಲಿ ಮಡಿದ ಯೋಧರ ಸ್ಮರಣೆಯ ರಜ. ಅದಕ್ಕೆ ಮುಂಚಿನ ಶನಿವಾರ ಪರೀಕ್ಷಾ ಪ್ರಯಾಣ. "ಮೊದಲು ನೀವಿಬ್ಬರು ಹೋಗಿ ಬನ್ನಿ. ಗಾಡಿ ಉಳಿದರೆ ಆಮೇಲೆ ನಾವು" ಎಂದು ತಮ್ಮನ ಹೆಂಡತಿ ಮಗುವನ್ನೆತ್ತಿಕೊಂಡು ಹಿಂದೆ ಸರಿದಳು. ಹೊರಡುವಾಗ ನಾನು ಯಾರೂ ನೋಡದಂತೆ ಕಂಬಳಿಯನ್ನು ಹಾಸಿಗೆಯ ಕೆಳಗೆ ತುರುಕಿದೆ.

ದಕ್ಷಿಣಕ್ಕೆ ಕೆಲವು ಗಂಟೆ ಸಾಗಿದರೆ ಕ್ಯಾಸಲ್ ಡೇಲ್ ಎಂಬ ಸಣ್ಣ ಊರು. ಅಲ್ಲಿಂದ ಸ್ಯಾನ್ ರಾಫೆಲ್ ಸ್ವೆಲ್ ಎಂಬ ಬಯಲಿನಲ್ಲಿ ಸುಮಾರು ಇಪ್ಪತ್ತು ಮೈಲಿ ಮಣ್ಣುದಾರಿ. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿಕೊಂಡು ಹೊರಟೆವು. ದಾರಿಯ ಮೇಲೆಲ್ಲ ಅಡ್ಡಡ್ಡ ಏರಿಳಿತದ ಗೀರುಗಳು. ವ್ಯಾನಿನ ಪ್ರತಿಯೊಂದು ತಿರುಪೂ ತನ್ನ ಅಹವಾಲನ್ನು ಹೇಳಿಕೊಳ್ಳತೊಡಗಿತು. ಒಂದು ಚಿಲಕ ಸೋತಿತು, ಸಾರಿನಪುಡಿಯ ಡಬ್ಬಿ ಉರುಳಿ ಹಾಸಿಗೆಯೆಲ್ಲ ಘಮಘಮಿಸಿತು. ಕೊನೆಗೆ ದಾರಿ ಮುಗಿದದ್ದು ವೆಜ್ ಎಂಬ ಕಡಿದಾದ ಅಂಚಿನಲ್ಲಿ. ಕೆಳಗೆ ಬಹು ಆಳದಲ್ಲಿ ದಾರದಂತೆ ಸ್ಯಾನ್ ರಾಫೆಲ್ ನದಿ. ಕೇಂದ್ರ ಸರಕಾರದ ಭೂ ನಿರ್ವಹಣೆಯ ಇಲಾಖೆಗೆ ಸೇರಿದ ನೆಲ ಅದು. ಗುರುತು ಮಾಡಿದ ಜಾಗದಲ್ಲಿ ಬೀಡು ಬಿಡಬಹುದು. ಒಣ ನೆಲ, ಕುರುಚಲು ಗಿಡ, ಕೆಂಪು ಧೂಳು. ಬಂಡೆಗಳನ್ನು ಮರೆತು ನೋಡಿದರೆ ನಮ್ಮ ಸೀಮೆಯೇ.

ಅನ್ನ, ಸಾರು ಮುಗಿಸಿ ಮಲಗುವ ಹೊತ್ತಿಗೆ ಚಳಿ ಏರಿತು. ತಮ್ಮ ಶಾಖಯಂತ್ರದ ಗುಂಡಿ ಒತ್ತಿದ. ಅದು ಒಮ್ಮೆ ನಿಟ್ಟುಸಿರುಬಿಟ್ಟು ಸುಮ್ಮನಾಯಿತು. ಮತ್ತೆ ಒತ್ತಿದ, ಮತ್ತೆ ಅದೇ. ಉರಿ ಹೊತ್ತಿಕೊಳ್ಳುವಾಗ ಆ ಯಂತ್ರ ವಿದ್ಯುತ್ತನ್ನು ಜೋರಾಗಿ ಎಳೆಯುತ್ತದೆ. ತಂತಿಯ ಹಾದಿಯಲ್ಲಿ ಎಲ್ಲಾದರೂ ಅಡ್ಡಿಯಿದ್ದರೆ ಸೋಲುತ್ತದೆ. ದೀಪ ಹಿಡಿದು ಹುಡುಕಿದ ತಮ್ಮ ಬಹಳ ಹೊತ್ತು ಒಂದು ಬೋಲ್ಟಿನ ಮೇಲೆ ಬೆಳಕು ಬಿಟ್ಟು ಕುಳಿತಿದ್ದ.

"ಅಣ್ಣಾ, ಇಲ್ಲಿ ಬಣ್ಣ ಕೆರೆದೆಯಾ?"

"ಇಲ್ಲ" ಎಂದೆ.

ಅವನು ದೀಪವನ್ನು ಕೆಳಗಿಟ್ಟ. "ಕಡಾಣಿ ನೋಡಿದೆಯಾ?" ಎಂದ, ಅಪ್ಪನ ದನಿಯಲ್ಲಿ.

ನಾನು ಬಿಡಿಸಿ ಹೇಳಬೇಕು. ನಾವು ಚಿಕ್ಕವರಾಗಿದ್ದಾಗ ಅಜ್ಜನ ಕಮಾನು ಗಾಡಿಯಲ್ಲಿ ನಾಯಕನಹಟ್ಟಿಯ ಜಾತ್ರೆಗೆ ಹೋಗುತ್ತಿದ್ದೆವು. ಹುಲ್ಲಿನ ಮೇಲೆ ಜಮಖಾನ, ಜಮಖಾನದ ಮೇಲೆ ಕಂಬಳಿ, ಅಚ್ಚಿನ ಕೆಳಗೆ ತೂಗುವ ಲಾಟೀನು. ಗಾಲಿ ಅಚ್ಚಿನಿಂದ ಕಳಚದಂತೆ ಹಿಡಿಯುವ ಕಡಾಣಿಯನ್ನು ಅಪ್ಪ ಹೊರಡುವ ಮುನ್ನ ತಾವೇ ಮುಟ್ಟಿ ನೋಡುತ್ತಿದ್ದರು. ಗಾಡಿ ಹೋದ ಮೇಲೂ, ಮೇಷ್ಟರಾಗಿದ್ದ ಅವರು ನಾವು ಬಸ್ಸಿಗೆ ಹೊರಟರೂ ಪರೀಕ್ಷೆಗೆ ಹೊರಟರೂ ಅದನ್ನೇ ಕೇಳುತ್ತಿದ್ದರು.

ಹಾಸಿಗೆಯ ಕೆಳಗಿನಿಂದ ಕಂಬಳಿಯನ್ನು ಎಳೆದು ಅವನ ಮುಂದಿಟ್ಟೆ. "ಅಮ್ಮ ಕೊಟ್ಟಳು. ಬಂದ ದಿನವೇ ಕೊಡಬೇಕಿತ್ತು" ಎಂದೆ. ಅವನು ಅದರ ಅಂಚನ್ನು ಕೈಯಲ್ಲಿ ಹಿಡಿದು, ಮೂಗಿಗೆ ಒತ್ತಿಕೊಂಡು, ಬೆನ್ನು ತಿರುಗಿಸಿ ಕುಳಿತ. ಅವನ ಭುಜ ಅಲುಗುತ್ತಿದ್ದುದು ಚಳಿಯಿಂದಲ್ಲ.

"ಆ ರಾತ್ರಿ ನಾನು ಅಂದದ್ದು ಸುಳ್ಳು" ಎಂದೆ. "ನೀನಿಲ್ಲದೆ ಎಲ್ಲವೂ ನಿಂತಿತ್ತು. ಬುಟ್ಟಿ ಹಿಡಿಯಲು ಒಂದು ಕೈ ಕಡಮೆಯಾಗಿತ್ತು."

ಬಹಳ ಹೊತ್ತಿನ ಮೇಲೆ ಅವನು ಕೇಳಿದ: "ಕೊನೆಗೆ ಏನಾದರೂ ಅಂದರೇನು?"

ಆ ಪ್ರಶ್ನೆಗಾಗಿ ನಾನು ಮೂರು ವರ್ಷ ಹೆದರಿದ್ದೆ. ಆಸ್ಪತ್ರೆಯೊಳಗೆ ನನ್ನನ್ನೂ ಬಿಟ್ಟಿರಲಿಲ್ಲವೆಂದು, ಕೊನೆಯ ಎರಡು ದಿನ ನಾನೂ ಗೇಟಿನ ಹೊರಗೇ ನಿಂತಿದ್ದೆನೆಂದು ಅವನಿಗೆ ಮೊದಲ ಸಲ ಹೇಳಿದೆ. ಅವನು ತಿರುಗಿ ನೋಡಿದ. ಅಪ್ಪನ ಪಕ್ಕದಲ್ಲಿ ಅಣ್ಣನಿದ್ದ ಎಂದೇ ಇಷ್ಟು ದಿನ ಅವನು ತಿಳಿದಿದ್ದನಂತೆ.

ಒಂದೇ ಕಂಬಳಿಯ ಕೆಳಗೆ ಇಬ್ಬರೂ ಮಲಗಿದೆವು. ಅದು ಒಬ್ಬನಿಗೆ ಸಾಲುವಷ್ಟೇ ಅಗಲ. ರಾತ್ರಿಯೆಲ್ಲ ಎಳೆದಾಟ, ಮೂವತ್ತು ವರ್ಷದ ಹಿಂದಿನಂತೆಯೇ. ತಾರಸಿಯ ಪಂಖದ ಚೌಕದಲ್ಲಿ ನಕ್ಷತ್ರಗಳು ಕಾಣುತ್ತಿದ್ದವು. ಮಾತು ಯಾವಾಗ ನಿಂತಿತೋ ತಿಳಿಯದು.

ಬೆಳಗ್ಗೆ ನಾನು ಏಳುವ ಹೊತ್ತಿಗೆ ಅವನು ಕಾಫಿ ಕಾಯಿಸಿಟ್ಟು, ನನ್ನ ಕೈಗೆ ಉಪ್ಪುಕಾಗದದ ತುಂಡೊಂದನ್ನು ಕೊಟ್ಟ. ಬೋಲ್ಟು ಸಡಿಲಿಸಿ, ಲೋಹ ಹೊಳೆಯುವವರೆಗೆ ಕೆರೆದು, ತಂತಿಯನ್ನು ಮತ್ತೆ ಬಿಗಿದೆ. ಗುಂಡಿ ಒತ್ತಿದೊಡನೆ ಯಂತ್ರ ಗುರುಗುಟ್ಟಿ ಬಿಸಿಗಾಳಿ ಬಿಡತೊಡಗಿತು. ಅಷ್ಟು ಹೊತ್ತಿಗೆ ಬಿಸಿಲು ಬಂದು, ಒಳಗೆ ಕೂರಲಾರದಷ್ಟು ಸೆಕೆಯಾಗಿತ್ತು. ಇಬ್ಬರೂ ಬಾಗಿಲು ತೆರೆದು ಹೊರಗೆ ಬಂದು ನಿಂತೆವು.