ಬಿಚ್ಚಿ ಜೋಡಿಸಿದ ಮಂಚ

ಹೋದ ಬೇಸಿಗೆ ರಜೆಯಲ್ಲಿ ಚನ್ನಗಿರಿಯ ನಮ್ಮ ಮನೆಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಆಳೆತ್ತರದ ಉದ್ದ, ಗೇಣಗಲದ ದಪ್ಪ, ಇಬ್ಬರು ಹೊರುವಷ್ಟು ಭಾರ. ಗೂಡ್ಸ್ ಆಟೋದ ಹುಡುಗ ಅದನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಮೊಬೈಲಿನ ಮೇಲೆ ಬೆರಳಲ್ಲಿ ಸಹಿ ಹಾಕಿಸಿಕೊಂಡು ಹೊರಟುಹೋದ. ಬೆಂಗಳೂರಿನ ಮಗಳು ನನಗಾಗಿ ತರಿಸಿದ ಪುಸ್ತಕದ ಕಪಾಟು ಅದು. ನಿವೃತ್ತನಾದ ಮೇಲೆ ನನ್ನ ಪುಸ್ತಕಗಳೆಲ್ಲ ಎರಡು ಟ್ರಂಕುಗಳಲ್ಲಿ ಜಿರಲೆಗಳಿಗೆ ಓದಲು ಸಿಗುತ್ತಿದ್ದವು.

"ಕಪಾಟು ಎಲ್ಲಮ್ಮ, ಇಲ್ಲಿ ಬರೀ ಹಲಗೆ ಬಂದಿದೆಯಲ್ಲ?" ಎಂದು ಫೋನು ಮಾಡಿದೆ. ಅವಳು ನಕ್ಕಳು. "ಅಬ್ಬಾ, ಅದನ್ನ ನಾವೇ ಜೋಡಿಸಿಕೋಬೇಕು. ಕಂಪನಿಯ ಆಳು ದಾವಣಗೆರೆವರೆಗೆ ಮಾತ್ರ ಬರ್ತಾನಂತೆ. ಪುಸ್ತಕದಲ್ಲಿ ಚಿತ್ರ ಇರುತ್ತೆ, ನೋಡಿಕೊಂಡು ಮಾಡಿ, ಒಂದು ಗಂಟೆ ಕೆಲಸ."

ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದ ನನಗೆ, ಒಂದೇ ಒಂದು ಅಕ್ಷರವಿಲ್ಲದ ಪುಸ್ತಕವನ್ನು ಓದುವ ಗತಿ ಬಂತು. ಹದಿನಾಲ್ಕು ಹಲಗೆ, ಒಂದು ತೆಳು ಬೆನ್ನುಹಾಳೆ, ನಾಲ್ಕು ಪೊಟ್ಟಣ ಮೊಳೆ-ಸ್ಕ್ರೂ, ಬೆರಳ ತುದಿಯಷ್ಟು ಗಾತ್ರದ ಮರದ ಗೂಟಗಳು, ಎಲ್ಲಕ್ಕೂ ಸೇರಿ ಬಾಗಿದ ಕಬ್ಬಿಣದ ಕಡ್ಡಿಯೊಂದು. ಅದಕ್ಕೆ ಅಲೆನ್ ಕೀ ಅನ್ನುತ್ತಾರೆಂದು ಹೇಳಿಕೊಟ್ಟವಳು ರಜೆಗೆ ಬಂದಿದ್ದ ಹತ್ತು ವರ್ಷದ ಮೊಮ್ಮಗಳು.

ಈ ಪದ್ಧತಿ ನಾವು ತಿಳಿದಷ್ಟು ಹೊಸದೇನಲ್ಲ. ಯುರೋಪಿನಲ್ಲಿ ಥೋನೆಟ್ ಎಂಬವರ ಕಾರ್ಖಾನೆ 1859ರಲ್ಲಿ ಒಂದು ಕುರ್ಚಿ ಮಾಡಿತು: ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು. ಬಿಡಿಬಿಡಿಯಾಗಿ ತುಂಬಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಡಗು ಹತ್ತುತ್ತಿದ್ದವು. 1956ರಲ್ಲಿ ಸ್ವೀಡನ್ನಿನ ಐಕಿಯಾ ಕಂಪನಿಯ ನೌಕರ ಗಿಲ್ಲಿಸ್ ಲುಂಡ್‌ಗ್ರೆನ್, ಮೇಜೊಂದು ಕಾರಿನೊಳಗೆ ಹಿಡಿಸದಿದ್ದಾಗ ಅದರ ಕಾಲುಗಳನ್ನೇ ಕಳಚಿದನಂತೆ. ಆ ಕಂಪನಿ ಬೆಳೆದದ್ದು ಅದೇ ದಾರಿಯಲ್ಲಿ. 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲೂ ಅಂಗಡಿ ತೆರೆಯಿತು. ನಮ್ಮ ಪೆಟ್ಟಿಗೆ ಯಾವ ಕಂಪನಿಯದು ಎಂಬುದು ಬೇಡ, ಎಲ್ಲವೂ ಒಂದೇ ಮನೆತನದವು.

ಆದರೆ ಹಲಗೆಗಳನ್ನು ಚಾಪೆಯ ಮೇಲೆ ಹರವಿ ಕುಳಿತಾಗ ನನಗೆ ನೆನಪಾದದ್ದು ಸ್ವೀಡನ್ ಅಲ್ಲ, ಒಳಕೋಣೆಯಲ್ಲಿದ್ದ ಮಂಚ.

ಆ ಮಂಚ 1986ರಲ್ಲಿ ನನ್ನ ನಿಕಾಹ್‌ನೊಂದಿಗೆ ಬಂದದ್ದು. ಚನ್ನಗಿರಿಯ ಮಾವನವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಊರಿನ ಆಚಾರ್ರೊಬ್ಬರು ಅವರ ಅಂಗಳದಲ್ಲೇ ಹನ್ನೊಂದು ದಿನ ಕೂತು, ತೇಗದಲ್ಲಿ ಅದನ್ನು ಮಾಡಿದ್ದರು. ತಲೆದೆಸೆಗೊಂದು, ಕಾಲ್ದೆಸೆಗೊಂದು ಚೌಕಟ್ಟು, ಎರಡು ಉದ್ದ ಪಟ್ಟಿ, ಅಡ್ಡ ಹಲಗೆಗಳು, ನಾಲ್ಕು ಉದ್ದನೆಯ ಬೋಲ್ಟು. ಒಂದು ಪಾನಾ ಇದ್ದರೆ ಅರ್ಧ ಗಂಟೆಯಲ್ಲಿ ಬಿಚ್ಚಬಹುದು. ಯಾವ ಪಟ್ಟಿ ಯಾವ ಕಾಲಿಗೆ ಎಂಬುದು ತಪ್ಪದಿರಲೆಂದು ಆಚಾರ್ರು ಉಳಿಯಿಂದ ಗೀರು ಹಾಕಿದ್ದರು. ಒಂದು ಗೀರಿನ ಪಟ್ಟಿ ಒಂದು ಗೀರಿನ ಕಾಲಿಗೆ, ಎರಡರದು ಎರಡಕ್ಕೆ. ಈಗಿನ ಹಲಗೆಗಳ ಮೇಲಿನ ಎ, ಬಿ, ಸಿ ಚೀಟಿಗಳಿಗಿಂತ ಅದು ಕಡಿಮೆ ಏನಲ್ಲ; ಚೀಟಿ ಕಿತ್ತು ಬರುತ್ತದೆ, ಗೀರು ಬರುವುದಿಲ್ಲ.

"ನಾವು ಏನೂ ಕೇಳಲಿಲ್ಲ" ಎಂದು ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದವನು ನಾನು. ಕೇಳಿದ್ದು ನನ್ನ ಅಮ್ಮಿ: ಮಂಚ, ಬೀರು, ತಾಮ್ರದ ಹಂಡೆ. ನಾನು ಬೇಡವೆನ್ನಲಿಲ್ಲ, ಅಷ್ಟೆ. ಜಹೇಜಿನ ಟೆಂಪೊ ಹೊನ್ನಾಳಿಯ ನಮ್ಮ ಬಾಡಿಗೆ ಮನೆಯ ಮುಂದೆ ನಿಂತಾಗ ಒಳಗೊಳಗೇ ಹಿಗ್ಗಿದ್ದೂ ಉಂಟು.

1991ರಲ್ಲಿ ನ್ಯಾಮತಿಗೆ ವರ್ಗವಾಯಿತು. ಆಗ ಅದು ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ಮಂಚವನ್ನು ಮೊದಲ ಸಲ ಬಿಚ್ಚಿದೆ. ಎಡಗಡೆಯ ಪಟ್ಟಿಯನ್ನು ತಿರುಗಿಸಿದಾಗ ಒಳಮೈಯಲ್ಲಿ ಬಡಗಿಯ ದಪ್ಪ ಪೆನ್ಸಿಲಿನ ಬರಹ ಕಂಡಿತು. ಒಟ್ಟು 1,350. ಮುಂಗಡ 400. ಬಾಕಿ 950. ಅದರ ಕೆಳಗೆ: ಹುಡುಗ ಕೆಲಸಕ್ಕೆ.

ಯಾವ ಹುಡುಗ ಎಂದು ಕೇಳಿದೆ. ನನ್ನಾಕೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ತಮ್ಮ ಎಸ್ಸೆಸ್ಸೆಲ್ಸಿ ಬರೆಯಲಿಲ್ಲವಲ್ಲ, ನಿಮಗೆ ಗೊತ್ತೇ ಇದೆ" ಎಂದಳು.

ಗೊತ್ತಿತ್ತು. ಓದಿನಲ್ಲಿ ಆಸಕ್ತಿಯಿಲ್ಲ, ಮರಗೆಲಸದ ಹುಚ್ಚು ಹಿಡಿದಿದೆ ಎಂದು ಮಾವನವರು ಹೇಳಿದ್ದನ್ನು ನಂಬಿದ್ದೆ. ಆ ವರ್ಷಗಳಲ್ಲೇ ನಾನು ಶಾಲೆ ಬಿಟ್ಟ ಮಕ್ಕಳ ಮನೆಮನೆಗೆ ಹೋಗಿ, ಇನ್ನೊಂದೇ ವರ್ಷ ಓದಿಸಿ ಎಂದು ತಂದೆತಾಯಿಯರಿಗೆ ಬುದ್ಧಿ ಹೇಳುತ್ತಿದ್ದೆ. ನಾನು ಮಲಗುತ್ತಿದ್ದ ಮಂಚದ ಬಾಕಿಗೆ ಒಬ್ಬ ಹುಡುಗ ಆಚಾರ್ರ ಬಳಿ ಮರಳುಕಾಗದ ಉಜ್ಜುತ್ತಿದ್ದ. ಪಟ್ಟಿಯನ್ನು ಒಳಮುಖ ಮಾಡಿ ಜೋಡಿಸಿದೆ. ಭಾಮೈದನೊಂದಿಗೆ ಆ ಮಾತು ಎತ್ತಲು ಆಮೇಲೆ ಬಾಯಿ ಬರಲೇ ಇಲ್ಲ.

1998ರಲ್ಲಿ ಮಂಚ ಜಗಳೂರಿಗೆ ಹೋಯಿತು, 2006ರಲ್ಲಿ ಚನ್ನಗಿರಿಗೆ ಬಂತು. ಜಗಳೂರಿನ ಒಣಗಾಳಿಗೆ ಮರ ಸಣ್ಣಗೆ ಸೆಳೆದು ಕಿರುಗುಟ್ಟಲು ಶುರುಮಾಡಿತು. ಇಲ್ಲಿಯ ಮಳೆಗಾಲಕ್ಕೆ ಮತ್ತೆ ಬಿಗಿಯಾಯಿತು. ಅಂದಹಾಗೆ, ನಮ್ಮ ಜಿಲ್ಲೆಯೇ ಜೋಡಿಸಿದ ಜಿಲ್ಲೆ. 1997ರಲ್ಲಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು, ಬಳ್ಳಾರಿಯಿಂದ ಹರಪನಹಳ್ಳಿ ತಂದು ದಾವಣಗೆರೆ ಮಾಡಿದರು. 2018ರಲ್ಲಿ ಹರಪನಹಳ್ಳಿಯ ಬೋಲ್ಟು ಬಿಚ್ಚಿ ಬಳ್ಳಾರಿಗೆ ವಾಪಸು ಕೊಟ್ಟರು, ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು.

ಕಪಾಟಿಗೆ ಬರೋಣ. ಅಜ್ಜ-ಮೊಮ್ಮಗಳು ಎಂಟನೆಯ ಚಿತ್ರದವರೆಗೆ ಗೆದ್ದೆವು. ಒಂಬತ್ತರಲ್ಲಿ ತಿಳಿಯಿತು, ಬಲಗಡೆಯ ಹಲಗೆಯನ್ನು ತಲೆಕೆಳಗಾಗಿ ನಿಲ್ಲಿಸಿದ್ದೇವೆ ಎಂದು. "ನಾನಾ, ನಾನು ಆಗಲೇ ಹೇಳಿದ್ದೆ" ಎಂದಳು. ಹೇಳಿದ್ದಳು, ನಿಜ. ಬಿಚ್ಚಿದೆವು. ಸ್ಕ್ರೂ ಜೊತೆಗೆ ತೂತಿನ ಅಂಚೂ ರವೆಯ ಹಾಗೆ ಉದುರಿತು. ಅದು ಮರವಲ್ಲ, ಮರದ ಚಕ್ಕೆ-ಪುಡಿಯನ್ನು ಅಂಟಿನಲ್ಲಿ ಕಲಸಿ, ಕಾಯಿಸಿ ಒತ್ತಿದ ಹಲಗೆ. ಮತ್ತೆ ತಿರುಗಿಸಿದರೆ ಸ್ಕ್ರೂ ಹಿಡಿಯದೆ ಸುಮ್ಮನೆ ಸುತ್ತತೊಡಗಿತು.

ನನ್ನಾಕೆ ಯಾರನ್ನೂ ಕೇಳದೆ ತಮ್ಮನಿಗೆ ಫೋನು ಮಾಡಿದಳು.

ಅವನಿಗೆ ಈಗ ಐವತ್ತು ದಾಟಿದೆ. ಸಂತೆಬೆನ್ನೂರು ರಸ್ತೆಯಲ್ಲಿ ಸಣ್ಣ ಅಂಗಡಿ. ತೇಗ ಮುಟ್ಟಿ ಎಷ್ಟೋ ಕಾಲವಾಯಿತಂತೆ. ಪ್ಲೈವುಡ್ಡಿನ ಅಡುಗೆಮನೆ ಕೆಲಸ ಬಿಟ್ಟರೆ, ಇಂಥ ಪೆಟ್ಟಿಗೆಗಳನ್ನು ಮನೆಮನೆಗೆ ಹೋಗಿ ಜೋಡಿಸಿಕೊಡುವುದೇ ಈಗ ಅವನ ಕೆಲಸ. ಬಂದವನೇ ತೂತಿಗೆ ಬೆರಳಿಟ್ಟು ನೋಡಿದ. "ದೂಲೇಭಾಯಿ, ಇದನ್ನ ಒಂದು ಸಲ ಜೋಡಿಸೋಕೆ ಮಾಡಿರೋದು. ಬಿಚ್ಚೋಕಲ್ಲ" ಎಂದ. ಬೆಂಕಿಕಡ್ಡಿಗಳನ್ನು ಫೆವಿಕಾಲಿನಲ್ಲಿ ಅದ್ದಿ ತೂತಿಗೆ ತುರುಕಿ, ಒಣಗಲಿ ಎಂದು ಚಹಾ ಕುಡಿದ.

ಅಮೆರಿಕದ ಮೂವರು ವಿದ್ವಾಂಸರು ಇದರ ಬಗ್ಗೆ 2012ರಲ್ಲಿ ಪ್ರಬಂಧ ಬರೆದಿದ್ದಾರೆ, ಮಗಳು ಹೇಳಿದ್ದು. ತಾನೇ ಕೈಯಾರೆ ಜೋಡಿಸಿದ ವಸ್ತುವಿಗೆ ಮನುಷ್ಯ ಹೆಚ್ಚು ಬೆಲೆ ಕಟ್ಟುತ್ತಾನಂತೆ. ಆದರೆ ಜೋಡಿಸಿದ್ದನ್ನು ಬಿಚ್ಚಿಹಾಕಿದರೆ ಆ ಮಮತೆ ಉಳಿಯುವುದಿಲ್ಲವಂತೆ. ಅವರು ನಮ್ಮ ಸರ್ಕಾರಿ ಮೇಷ್ಟ್ರುಗಳ ವರ್ಗಾವಣೆಯನ್ನು ನೋಡಿಲ್ಲ.

ಸಂಜೆಯ ಹೊತ್ತಿಗೆ ಕಪಾಟು ನಿಂತಿತು. ನಾಲ್ಕು ಸ್ಕ್ರೂ ಉಳಿದವು. ಅವು ಎಲ್ಲಿಯವು ಎಂದು ಅವನಿಗೂ ತಿಳಿಯಲಿಲ್ಲ, ಒಂದು ಡಬ್ಬಿಗೆ ಹಾಕಿಟ್ಟೆವು. ದುಡ್ಡು ಕೊಡಹೋದರೆ ಅವನು ಕೈ ಮುಂದೆ ಮಾಡಲಿಲ್ಲ. "ಆಪಾ, ಮಂಚ ಕಿರುಗುಟ್ಟುತ್ತೆ ಅಂತಿದ್ದೆಯಲ್ಲ, ಅದನ್ನೂ ನೋಡಿಬಿಡ್ತೀನಿ" ಎಂದು ಒಳಕೋಣೆಗೆ ನಡೆದ.

ಎಡಗಡೆಯ ಬೋಲ್ಟಿನ ಸುತ್ತು ಸವೆದಿತ್ತು. ಪಟ್ಟಿ ಕಳಚಲೇಬೇಕಾಯಿತು. ನಾನು ಟಾರ್ಚು ಹಿಡಿದುಕೊಂಡು ನಿಂತಿದ್ದೆ. ಬೆಳಕನ್ನು ಬೇರೆ ಕಡೆ ತಿರುಗಿಸಲು ನೋಡಿದೆ, ಆಗಲಿಲ್ಲ. ಪೆನ್ಸಿಲಿನ ಬರಹ ಅರ್ಧ ಮಾಸಿದ್ದರೂ ಓದುವ ಹಾಗಿತ್ತು. ಅವನು ಕನ್ನಡಕ ಏರಿಸಿಕೊಂಡು ಓದಿದ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನಾನು ಇದನ್ನ ನ್ಯಾಮತಿಗೆ ಹೋಗೋವಾಗಲೇ ನೋಡಿದ್ದೆ" ಎಂದೆ. ಅಷ್ಟು ಹೇಳಲು ನನಗೆ ಮೂವತ್ತು ವರ್ಷದ ಮೇಲೆ ಬೇಕಾಯಿತು.

"ಲೆಕ್ಕ ತಪ್ಪಿದೆ ದೂಲೇಭಾಯಿ" ಎಂದ ಅವನು, ಹೆಬ್ಬೆರಳಿನಿಂದ ಮರವನ್ನು ಸವರುತ್ತಾ. "950 ಅಲ್ಲ. ಈ ತಲೆದೆಸೆಯ ಹೂವು ನಾನು ಕೆತ್ತಿದ್ದು. ಚೆನ್ನಾಗಿ ಬಂದಿದೆ ಅಂತ ಆಚಾರ್ರು ನೂರು ಬಿಟ್ಟಿದ್ದರು."

ಆ ಹೂವನ್ನು ಅಷ್ಟು ವರ್ಷ ನಾನು ದಿನವೂ ನೋಡಿದ್ದೆ.

"ಪಾನಾ ಕೊಡಿ" ಎಂದ. ಕೊಟ್ಟೆ.