ಕಾಮರ್ಸ್ ಹುಡುಗಿಯ ಸೈನ್ಸ್ ಡೈರಿ - ಭಾಗ 6: ಚಿನ್ನದ ಬಣ್ಣ ಬದಲಿಸೋದು ಹೇಗೆ?

ಚಿನ್ನ ಯಾವ ಬಣ್ಣ? ಹಳದಿ ಅಂತೀರಿ. ಅದನ್ನೇ ಕೆಲವೇ ನ್ಯಾನೊಮೀಟರ್ ಗಾತ್ರದ ಕಣ ಮಾಡಿ ನೀರಲ್ಲಿ ಹರಡಿದ್ರೆ ಕೆಂಪಗೆ ಕಾಣುತ್ತೆ! ಒಂದು ಮೀಟರ್‌ನ ನೂರು ಕೋಟಿ ಭಾಗ ಮಾಡಿದ್ರೆ ಒಂದು ಭಾಗವೇ ನ್ಯಾನೊಮೀಟರ್. ಅಷ್ಟು ಚಿಕ್ಕದಾದಾಗ ಬಣ್ಣವನ್ನ ನಿರ್ಧರಿಸೋದು ಲೋಹ ಮಾತ್ರ ಅಲ್ಲ. ಕಣದ ಗಾತ್ರ, ಆಕಾರ, ಜೊತೆಗೆ ಅದರ ಸುತ್ತ ಏನಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಇಂಥ ಕಣಗಳನ್ನ ಗಾಜಿನ ಮೇಲೆ ಸಾಲಾಗಿ ಕೂರಿಸಿದ್ರೆ ಬಣ್ಣದ ಮೇಲ್ಮೈ ರೆಡಿ. ಆದ್ರೆ ಒಮ್ಮೆ ಮಾಡಿದ್ಮೇಲೆ ಗಾತ್ರ, ಆಕಾರ ಬದಲಾಯಿಸೋಕಾಗಲ್ಲ. ಉಳಿದಿದ್ದು ಸುತ್ತಲಿನ ವಸ್ತು ಮಾತ್ರ.

ಇಲ್ಲಿಗೆ ಬರುತ್ತೆ ಲಿಕ್ವಿಡ್ ಕ್ರಿಸ್ಟಲ್, ಅಂದ್ರೆ ದ್ರವಸ್ಫಟಿಕ. ನಾವು ಅಕೌಂಟ್ಸ್ ಪರೀಕ್ಷೆಗೆ ಒಯ್ಯೋ ಕ್ಯಾಲ್ಕುಲೇಟರ್‌ನಲ್ಲಿ ಕಪ್ಪು ಅಂಕಿ ಮೂಡಿಸೋದು ಇದೇ. ದ್ರವದ ಥರ ಹರಿಯುತ್ತೆ, ಆದ್ರೆ ಅಣುಗಳು ಪ್ರೇಯರ್‌ಗೆ ನಿಂತ ಮಕ್ಕಳ ಥರ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಇರ್ತವೆ. 1888ರಲ್ಲಿ ರೈನಿಟ್ಜರ್ ಅನ್ನೋ ಸಸ್ಯವಿಜ್ಞಾನಿ ಇದನ್ನ ಮೊದಲು ಗಮನಿಸಿದ್ರು. ಅವರ ವಸ್ತು 145.5 ಡಿಗ್ರಿಲಿ ಕರಗಿ ಮಬ್ಬು ದ್ರವ ಆಯ್ತು, 178.5ಕ್ಕೆ ತಿಳಿಯಾಯ್ತು. ಆ ಮಬ್ಬು ಸ್ಥಿತಿನೇ ದ್ರವಸ್ಫಟಿಕ.

5ಸಿಬಿ ಅನ್ನೋ ದ್ರವಸ್ಫಟಿಕ ತಗೊಳ್ಳಿ. ಅಣುವಿನ ಉದ್ದಕ್ಕೆ ಅದರ ವಕ್ರೀಭವನ ಸೂಚ್ಯಂಕ ಸುಮಾರು 1.7, ಅಡ್ಡಕ್ಕೆ 1.5. ಅದನ್ನ ಚಿನ್ನದ ಕಣಗಳ ಮೇಲೆ ತುಂಬಿ ಕೆಲವು ವೋಲ್ಟ್ ಕೊಟ್ರೆ ಅಣುಗಳು ತಿರುಗ್ತವೆ. ಚಿನ್ನ ಅಲ್ಲೇ ಇದೆ, ಆದ್ರೆ ಅದರ ಸುತ್ತಲಿನ 'ವಾತಾವರಣ' ಬದಲಾಯ್ತು. ಬಣ್ಣವೂ ಸರಿಯಿತು!

ತೊಡಕೂ ಇದೆ. ಮೇಲ್ಮೈಗೆ ಅಂಟಿಕೊಂಡಿರೋ ಅಣುಗಳು ಸುಲಭವಾಗಿ ತಿರುಗಲ್ಲ, ಆದ್ರೆ ಬಣ್ಣದ ಮೇಲೆ ಜಾಸ್ತಿ ಪ್ರಭಾವ ಬೀರೋದು ಅವೇ. ಅದಕ್ಕೇ ಎಷ್ಟೋ ಸಲ ಬಣ್ಣ ಸ್ವಲ್ಪವೇ ಬದಲಾಗುತ್ತೆ.

ಇದು ನಮ್ಮೂರಿನ ಕಥೆನೂ ಹೌದು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಲಿ ಎಸ್. ಚಂದ್ರಶೇಖರ್ ಮತ್ತವರ ಜೊತೆಗಾರರು ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕ ಆಗ್ತವೆ ಅಂತ ತೋರಿಸಿದ್ರು. ಆಮೇಲೆ ಅವರು ಬೆಂಗಳೂರಲ್ಲೇ ದ್ರವಸ್ಫಟಿಕಕ್ಕೆ ಅಂತ ಶುರುಮಾಡಿದ ಕೇಂದ್ರದ ಈಗಿನ ಹೆಸರಲ್ಲಿ 'ನ್ಯಾನೊ'ನೂ ಸೇರಿದೆ.

"ಬಿಕಾಂ ಓದೋಳಿಗೆ ಇದೆಲ್ಲ ಯಾಕೆ?" ಅಂತ ಕೇಳ್ತೀರಲ್ಲ. ಬೇಗ ದುಡಿಬೇಕು ಅಂತ ಮನೇಲಿ ಲೆಕ್ಕ ಹಾಕಿ ನಾನು ಕಾಮರ್ಸ್ ತಗೊಂಡೆ. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಬಂದಿದ್ದೀರಿ. ಲ್ಯಾಬ್ ನಮಗೆ ಸಿಗಲಿಲ್ಲ, ಸರಿ. ಪ್ರಶ್ನೆ ಕೇಳೋದನ್ನೂ ಬಿಡಬೇಕು ಅಂತ ಯಾವ ಅಡ್ಮಿಷನ್ ಫಾರ್ಮ್‌ನಲ್ಲಿ ಬರೆದಿದೆ ಹೇಳಿ?

ಭಾಗ 7: ಚಿಟ್ಟೆ ರೆಕ್ಕೆಯ ನೀಲಿ. ಅರ್ಥ ಆಗದೇ ಇದ್ದಿದ್ದು ಕೇಳಿ, ಸೇರಿ ಹುಡುಕೋಣ.

#ಕಾಮರ್ಸ್‌ಹುಡುಗಿಯ_ಸೈನ್ಸ್‌ಡೈರಿ